ಹನ್ನೆರಡರಲ್ಲಿ ನಾಲ್ಕು ಮೊಟ್ಟೆ ಯಾಕೆ ಮಾಗಲಿಲ್ಲ?

ಪ್ರಶ್ನೆ: ನನಗೆ 34 ವರ್ಷ. ಊರು ಬಾಗಲಕೋಟೆ ಕಡೆ. ಮದುವೆಯಾದ ಮೇಲೆ ಪುಣೆಯ ವಾಕಡ್‌ನಲ್ಲಿದ್ದೇವೆ. ಹೋದ ತಿಂಗಳು ಮೊದಲ ಸಲ ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಮಾಡಿಸಿದೆವು. ಹತ್ತು ದಿನ ಇಂಜೆಕ್ಷನ್ ಆದ ಮೇಲೆ 12 ಮೊಟ್ಟೆ ತೆಗೆದರು. ಅದರಲ್ಲಿ 8 ಮಾತ್ರ ಮೆಚ್ಯೂರ್, 4 ಇಮ್ಮೆಚ್ಯೂರ್ ಅಂತ ರಿಪೋರ್ಟ್‌ನಲ್ಲಿದೆ. ಈಗ ಐದನೇ ದಿನದ ಎರಡು ಭ್ರೂಣ ಫ್ರೀಜ್ ಮಾಡಿಟ್ಟಿದ್ದಾರೆ. ಡಾಕ್ಟರ್ ಮರಾಠಿಯಲ್ಲಿ ಹೇಳಿದ್ದು ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಆ ನಾಲ್ಕು ಯಾಕೆ ಆಗಲಿಲ್ಲ? ಇನ್ನೆರಡು ದಿನ ಬಿಟ್ಟು ತೆಗೆದಿದ್ದರೆ ಆಗುತ್ತಿದ್ದವಾ? ಇಂಜೆಕ್ಷನ್ ದಿನಗಳಲ್ಲೂ ಸ್ಕೂಟಿಯಲ್ಲೇ ಹಿಂಜವಡಿಗೆ ಆಫೀಸಿಗೆ ಹೋಗುತ್ತಿದ್ದೆ, ಅದಕ್ಕೇ ಹೀಗಾಯಿತು ಅಂತಾರೆ ಅತ್ತೆಯವರು. ಒಂದೇ ಸಲ 12 ತೆಗೆದರೆ ಒಂದು ವರ್ಷದ ಮೊಟ್ಟೆ ಖಾಲಿಯಾದ ಹಾಗಲ್ಲವಾ? ಮೂರು ತಿಂಗಳು ಮಾತ್ರೆ ತಗೊಂಡರೆ ಮುಂದಿನ ಸಲ ಮೊಟ್ಟೆ ಚೆನ್ನಾಗಿ ಬರುತ್ತದೆ ಅಂತ ಗೆಳತಿ ಹೇಳುತ್ತಾಳೆ. ನಿಜವಾ?

ಉತ್ತರ: ಮೊದಲು ಸ್ಕೂಟಿ ವಿಷಯ ಮುಗಿಸಿಬಿಡೋಣ. ಮೊಟ್ಟೆ ಮೆಚ್ಯೂರ್ ಆಗದೇ ಇರುವುದಕ್ಕೂ ಹಿಂಜವಡಿ ರಸ್ತೆಗೂ ಸಂಬಂಧವಿಲ್ಲ. ಇಂಜೆಕ್ಷನ್ ದಿನಗಳಲ್ಲಿ ಕುಲುಕಾಟ ಬೇಡ, ಓಡಬೇಡಿ, ಭಾರ ಎತ್ತಬೇಡಿ ಅಂತ ಡಾಕ್ಟರ್‌ಗಳು ಹೇಳುವುದುಂಟು. ಆಗ ಅಂಡಾಶಯ ಊದಿಕೊಂಡು ಭಾರವಾಗಿರುತ್ತದೆ. ಅಪರೂಪಕ್ಕೆ ಬುಡದಲ್ಲೇ ತಿರುಚಿಕೊಳ್ಳಬಹುದು. ಹಾಗಾದರೆ ತಡೆಯಲಾರದಷ್ಟು ಹೊಟ್ಟೆನೋವು ಬರುತ್ತದೆ, ಆಪರೇಷನ್ನೇ ಬೇಕಾಗಬಹುದು. ನಿಮಗೆ ಅಂಥದ್ದೇನೂ ಆಗಿಲ್ಲ. ಅತ್ತೆಯವರ ಕಾಳಜಿ ಅರ್ಥವಾಗುತ್ತದೆ, ಆದರೆ ಈ ಅಪವಾದವನ್ನು ನೀವು ಹೊತ್ತುಕೊಳ್ಳಬೇಕಾಗಿಲ್ಲ.

ನಾನು ಮುಂಬಯಿಯಲ್ಲಿ ಲ್ಯಾಬ್ ಕಡೆಯವಳು, ಎಂಬ್ರಿಯಾಲಜಿಸ್ಟ್. ರೋಗಿಗಳ ಮುಖಕ್ಕಿಂತ ಅವರ ಮೊಟ್ಟೆಗಳನ್ನೇ ಜಾಸ್ತಿ ನೋಡಿರುವವಳು. ಹಾಗಾಗಿ ನಿಮ್ಮ ಲೆಕ್ಕದಿಂದಲೇ ಶುರು ಮಾಡುತ್ತೇನೆ. ಇಂಜೆಕ್ಷನ್ ಕೊಟ್ಟು ತೆಗೆದ ಮೊಟ್ಟೆಗಳಲ್ಲಿ ನೂರಕ್ಕೆ ಸುಮಾರು 75ರಿಂದ 90 ಮೆಚ್ಯೂರ್ ಇರಬೇಕು ಅನ್ನುವುದು ನಮ್ಮ ಲ್ಯಾಬ್‌ಗಳಲ್ಲಿ ಒಪ್ಪಿಕೊಂಡಿರುವ ಅಂದಾಜು. 12ರಲ್ಲಿ 9 ಬಂದಿದ್ದರೆ ನೀವು ಆ ಸಾಲಿಗೇ ಸೇರುತ್ತಿದ್ದಿರಿ. ನಿಮಗೆ 8 ಬಂದಿದೆ. ಅಂದರೆ ಒಂದು ಮೊಟ್ಟೆಯ ವ್ಯತ್ಯಾಸ. ಇಷ್ಟಕ್ಕೇ ನಿದ್ದೆ ಕೆಡಿಸಿಕೊಳ್ಳಬೇಡಿ.

ಆದರೂ ಯಾಕೆ ಅಂತ ಕೇಳಿದ್ದೀರಿ. ಅದು ಒಳ್ಳೆಯ ಪ್ರಶ್ನೆ. ಅದಕ್ಕೆ ಮುಂಚೆ ಮೆಚ್ಯೂರ್ ಅಂತ ನಾವು ಏನನ್ನು ನೋಡಿ ಬರೆಯುತ್ತೇವೆ ಅಂತ ಹೇಳಬೇಕು.

ಮೊಟ್ಟೆ ತೆಗೆಯುವಾಗ ಡಾಕ್ಟರ್ ಸೂಜಿಯಿಂದ ಒಂದೊಂದೇ ಫಾಲಿಕಲ್‌ನ ನೀರು ಹೀರುತ್ತಾರೆ. ಸೋನೋಗ್ರಾಫಿಯಲ್ಲಿ ಕಪ್ಪಗೆ ಗುಂಡಗೆ ಕಾಣುತ್ತಿತ್ತಲ್ಲ, ಅದೇ ಫಾಲಿಕಲ್. ಅದು ಮೊಟ್ಟೆಯಲ್ಲ, ಮೊಟ್ಟೆಯನ್ನು ಒಳಗಿಟ್ಟುಕೊಂಡಿರುವ ನೀರಿನ ಚೀಲ. ಸೋನೋಗ್ರಾಫಿಯಲ್ಲಿ ಮೊಟ್ಟೆ ಯಾರಿಗೂ ಕಾಣುವುದಿಲ್ಲ. ಬಲಿತ ಫಾಲಿಕಲ್ 18ರಿಂದ 24 ಮಿಲಿಮೀಟರ್ ಇದ್ದರೆ ಅದರೊಳಗಿನ ಮೊಟ್ಟೆ ಬರೀ 0.1 ಮಿಲಿಮೀಟರ್. ಆ ನೀರನ್ನು ಟ್ಯೂಬಿನಲ್ಲಿ ನಮ್ಮ ಕಡೆ ಕೊಡುತ್ತಾರೆ. ಬೆಚ್ಚಗಿನ ಮೇಜಿನ ಮೇಲೆ ತಟ್ಟೆಗೆ ಸುರಿದು ಹುಡುಕುತ್ತೇವೆ. ಸಿಗುವುದು ಬೋಳು ಮೊಟ್ಟೆಯಲ್ಲ, ಲೋಳೆಯಂಥ ಒಂದು ಮುದ್ದೆ. ಮೊಟ್ಟೆಯ ಸುತ್ತ ಸಾವಿರಾರು ಸಣ್ಣ ಕೋಶಗಳು ಅಂಟಿಕೊಂಡಿರುತ್ತವೆ. ಇಕ್ಸಿ, ಅಂದರೆ ಒಂದೇ ವೀರ್ಯಾಣುವನ್ನು ಸೂಜಿಯಿಂದ ಮೊಟ್ಟೆಯೊಳಕ್ಕೆ ಬಿಡುವುದು, ಮಾಡುವುದಾದರೆ ಒಂದೆರಡು ಗಂಟೆ ಬಿಟ್ಟು ಆ ಮುದ್ದೆಯನ್ನು ಒಂದು ಕಿಣ್ವದಲ್ಲಿ ಅರೆ ನಿಮಿಷ ಅದ್ದುತ್ತೇವೆ. ಆಮೇಲೆ ಕೂದಲಿನಷ್ಟು ತೆಳ್ಳನೆಯ ಪಿಪೆಟ್‌ನಲ್ಲಿ ಒಳಗೆ ಹೊರಗೆ ಎಳೆದಾಡಿದರೆ ಸುತ್ತಲಿನ ಕೋಶಗಳು ಬಿಟ್ಟುಕೊಳ್ಳುತ್ತವೆ. ಆಗಷ್ಟೇ ಮೊಟ್ಟೆ ಸರಿಯಾಗಿ ಕಾಣುವುದು. ನಿಮ್ಮ 8 ಮತ್ತು 4ರ ಲೆಕ್ಕ ಹುಟ್ಟಿದ್ದು ಆ ಕ್ಷಣದಲ್ಲಿ.

ಆಗ ಕಣ್ಣು ಹುಡುಕುವುದು ಒಂದೇ ಗುರುತನ್ನು. ಮೊಟ್ಟೆಯ ಮೈಗೂ ಅದರ ಹೊರಗಿನ ದಪ್ಪ ಗಾಜಿನಂಥ ಕವಚಕ್ಕೂ ನಡುವೆ ಒಂದು ಪುಟ್ಟ ಉಂಡೆ ಇದೆಯಾ? ಅದರ ಹೆಸರು ಪೋಲಾರ್ ಬಾಡಿ. ಇದ್ದರೆ ಮೆಚ್ಯೂರ್ ಅಂತ ಬರೆಯುತ್ತೇವೆ. ಅದಿಲ್ಲದೆ ಮೊಟ್ಟೆಯ ಒಳಗೆ ದುಂಡನೆಯ ದೊಡ್ಡ ನ್ಯೂಕ್ಲಿಯಸ್, ಅದರ ನಡುವೆ ಒಂದು ಕಪ್ಪು ಚುಕ್ಕಿ ಕಂಡರೆ, ಆ ಮೊಟ್ಟೆ ಮಾಗುವ ಕೆಲಸವನ್ನು ಶುರುವೇ ಮಾಡಿಲ್ಲ ಅಂತ ಅರ್ಥ. ನ್ಯೂಕ್ಲಿಯಸ್ಸೂ ಇಲ್ಲ, ಪೋಲಾರ್ ಬಾಡಿಯೂ ಇಲ್ಲ ಅಂದರೆ ಅರ್ಧ ದಾರಿಯಲ್ಲಿದೆ. ರಿಪೋರ್ಟ್‌ನಲ್ಲಿ ಜಿವಿ, ಎಂ-1, ಎಂ-2 ಅಂತ ಬರೆದಿರುತ್ತಾರೆ ನೋಡಿ. ಜಿವಿ ಅಂದರೆ ಶುರುವಾಗಿಲ್ಲ, ಎಂ-1 ಅಂದರೆ ನಡುದಾರಿ, ಎಂ-2 ಅಂದರೆ ಮುಗಿದಿದೆ. ನಿಮ್ಮ ನಾಲ್ಕರಲ್ಲಿ ಜಿವಿ ಎಷ್ಟು, ಎಂ-1 ಎಷ್ಟು ಅಂತ ಕೇಳಿ ತಿಳಿದುಕೊಳ್ಳಿ. ಮುಂದೆ ಅದು ಕೆಲಸಕ್ಕೆ ಬರುತ್ತದೆ.

ಜನರಿಗೆ ಗೊಂದಲ ಆಗುವುದು ಒಂದೇ ಕಡೆ. ಮೊಟ್ಟೆ ಬೆಳೆಯುವುದನ್ನೂ ಮಾಗುವುದನ್ನೂ ಒಂದೇ ಅಂದುಕೊಳ್ಳುತ್ತಾರೆ. ಎರಡೂ ಬೇರೆ ಬೇರೆ ಕೆಲಸ. ಬೇಸಿಗೆಯಲ್ಲಿ ವಾಶಿ ಮಾರ್ಕೆಟ್‌ಗೆ ಬರುವ ಆಪೂಸ್ ಹಣ್ಣನ್ನೇ ತಗೊಳ್ಳಿ. ಮರದ ಮೇಲೆ ಕಾಯಿ ತಿಂಗಳುಗಟ್ಟಲೆ ಬಲಿಯುತ್ತದೆ. ಬಲಿತ ಕಾಯಿಯನ್ನು ಕಿತ್ತು ಹುಲ್ಲಿನಲ್ಲಿಟ್ಟರೆ ಕೆಲವೇ ದಿನಕ್ಕೆ ಹಣ್ಣಾಗುತ್ತದೆ. ಎಳೆಕಾಯಿಯನ್ನು ಅದೇ ಹುಲ್ಲಿನಲ್ಲಿ ಎಷ್ಟು ದಿನ ಇಟ್ಟರೂ ಮುರುಟುತ್ತದೆಯೇ ಹೊರತು ಹಣ್ಣಾಗುವುದಿಲ್ಲ. ಮೊಟ್ಟೆಯದೂ ಇದೇ ಕಥೆ. ಬಲಿಯಲು ತಿಂಗಳುಗಳು ಬೇಕು. ಮಾಗಲು ಒಂದೂವರೆ ದಿನ ಸಾಕು.

ಈಗ ಬುಡದಿಂದ ಬರೋಣ.

ನಿಮ್ಮ ಮೊಟ್ಟೆಗಳೆಲ್ಲ ನೀವು ಅಮ್ಮನ ಹೊಟ್ಟೆಯಲ್ಲಿದ್ದಾಗಲೇ ತಯಾರಾದವು. ಬಸುರಿನ ಐದನೇ ತಿಂಗಳ ಹೊತ್ತಿಗೆ ಹೆಣ್ಣುಕೂಸಿನ ಅಂಡಾಶಯದಲ್ಲಿ 60ರಿಂದ 70 ಲಕ್ಷ ಮೊಟ್ಟೆಕೋಶಗಳು ಇರುತ್ತವೆ. ಜೀವನದಲ್ಲಿ ಅದೇ ಅತಿ ಹೆಚ್ಚು. ಅಲ್ಲಿಂದ ಇಳಿಕೆಯೇ. ಹುಟ್ಟುವಾಗ 10ರಿಂದ 20 ಲಕ್ಷ ಉಳಿದಿರುತ್ತವೆ. ದೊಡ್ಡವಳಾಗುವ ಹೊತ್ತಿಗೆ ಮೂರರಿಂದ ನಾಲ್ಕು ಲಕ್ಷ. ಮುಟ್ಟು ನಿಲ್ಲುವ ಕಾಲಕ್ಕೆ ಸುಮಾರು ಒಂದು ಸಾವಿರ. ಇಷ್ಟರಲ್ಲಿ ಹೊರಗೆ ಬಿಡುಗಡೆಯಾಗುವುದು ಇಡೀ ಆಯುಷ್ಯದಲ್ಲಿ ಸುಮಾರು 400. ಮಿಕ್ಕಿದ್ದೆಲ್ಲ ಒಳಗೇ ಕರಗಿಹೋಗುತ್ತವೆ. ಗರ್ಭಿಣಿಯಾಗಿರಿ, ಗರ್ಭನಿರೋಧಕ ಗುಳಿಗೆ ನುಂಗುತ್ತಿರಿ, ಮುಟ್ಟು ಬರದೇ ಇರಲಿ, ಕರಗುವುದು ನಿಲ್ಲುವುದಿಲ್ಲ. ಇದನ್ನು ಕೇಳಿ ಕೆಲವರು ಗಾಬರಿಯಾಗುತ್ತಾರೆ. ನನಗಂತೂ ಇದು ಸಮಾಧಾನದ ವಿಷಯ. ಲಕ್ಷಗಟ್ಟಲೆ ಹೋಗುವ ಕಡೆ 12 ತೆಗೆದದ್ದು ಯಾವ ಲೆಕ್ಕ?

ಕೂಸಿನ ಅಂಡಾಶಯದಲ್ಲಿ ಇನ್ನೊಂದು ಸಂಗತಿಯೂ ನಡೆದಿರುತ್ತದೆ. ಮೊಟ್ಟೆ ತನ್ನ 46 ಕ್ರೋಮೋಸೋಮ್‌ಗಳನ್ನು (ಜೀನ್‌ಗಳಿರುವ ಕಟ್ಟುಗಳನ್ನು) 23ಕ್ಕೆ ಇಳಿಸಿಕೊಳ್ಳುವ ವಿಶೇಷ ವಿಭಜನೆಯನ್ನು ಶುರು ಮಾಡುತ್ತದೆ. ಅಪ್ಪನಿಂದ ಬಂದ ಕ್ರೋಮೋಸೋಮ್ ಅಮ್ಮನದರ ಪಕ್ಕಕ್ಕೆ ಬಂದು ಜೋಡಿಯಾಗುತ್ತದೆ, ಎರಡೂ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಅಷ್ಟಕ್ಕೇ ಕೆಲಸ ನಿಂತುಬಿಡುತ್ತದೆ. ನಿಮ್ಮ ಮೊಟ್ಟೆಗಳು ಆ ಸ್ಥಿತಿಯಲ್ಲಿ 34 ವರ್ಷಕ್ಕಿಂತ ಜಾಸ್ತಿ ಕಾದಿವೆ. ದೇಹದಲ್ಲಿ ಬೇರೆ ಯಾವ ಕೋಶವೂ ವಿಭಜನೆಯನ್ನು ಅರ್ಧಕ್ಕೆ ಬಿಟ್ಟು ಇಷ್ಟು ವರ್ಷ ಕೂರುವುದಿಲ್ಲ. ಜಿವಿ ಮೊಟ್ಟೆಯಲ್ಲಿ ಕಾಣುವ ಆ ದುಂಡನೆಯ ನ್ಯೂಕ್ಲಿಯಸ್ ಅಂದರೆ ಇದೇ ನಿಂತ ಸ್ಥಿತಿ.

ಕಾಯುತ್ತಿರುವ ಮೊಟ್ಟೆ ತುಂಬಾ ಸಣ್ಣದು, 0.035 ಮಿಲಿಮೀಟರ್ ಇದ್ದೀತು. ಸುತ್ತ ಚಪ್ಪಟೆ ಕೋಶಗಳ ಒಂದೇ ಒಂದು ಪದರ. ದಿನವೂ ಇಂಥ ಕೆಲವು ಎಚ್ಚರಗೊಂಡು ಬೆಳೆಯಲು ಶುರು ಮಾಡುತ್ತವೆ. ಇದಕ್ಕೆ ಮುಟ್ಟಿನ ಹಂಗಿಲ್ಲ, ಮೆದುಳಿನಿಂದ ಬರುವ ಹಾರ್ಮೋನಿನ ಹಂಗೂ ಇಲ್ಲ. ಈ ಹಂತ ನಿಧಾನ. ಎಚ್ಚರಗೊಂಡ ದಿನದಿಂದ ಬಿಡುಗಡೆಯಾಗುವ ದಿನದವರೆಗೆ ಹೆಚ್ಚುಕಡಿಮೆ ಒಂದು ವರ್ಷ ಹಿಡಿಯುತ್ತದೆ. ಹೋದ ತಿಂಗಳು ನಿಮ್ಮಿಂದ ತೆಗೆದ ಮೊಟ್ಟೆಗಳು ಬೆಳೆಯಲು ಹೊರಟಿದ್ದು ಸುಮಾರಾಗಿ ಅದರ ಹಿಂದಿನ ವರ್ಷ. ನೀವು ಐವಿಎಫ್ ಯೋಚನೆಯನ್ನೇ ಮಾಡಿರಲಿಕ್ಕಿಲ್ಲ.

ಆ ತಿಂಗಳುಗಳಲ್ಲಿ ಮೊಟ್ಟೆ ಸುಮ್ನೆ ಕೂತಿರುವುದಿಲ್ಲ. ಅಗಲ ಮೂರು ಪಟ್ಟಿಗಿಂತ ಹೆಚ್ಚಾಗುತ್ತದೆ. ಗಾಜಿನಂಥ ಕವಚವನ್ನು ಕಟ್ಟಿಕೊಳ್ಳುತ್ತದೆ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾ ಒಂದು ಲಕ್ಷ ದಾಟುತ್ತವೆ. ಮುಂದೆ ಬೇಕಾಗುವ ಪ್ರೋಟೀನು, ಆರ್‌ಎನ್‌ಎ ಎಲ್ಲವನ್ನೂ ಒಳಗೆ ತುಂಬಿಕೊಳ್ಳುತ್ತದೆ. ಯಾಕೆ ಅಂದರೆ, ವೀರ್ಯಾಣು ಸೇರಿದ ಮೇಲೂ ಭ್ರೂಣ ತನ್ನದೇ ಜೀನ್‌ಗಳನ್ನು ದೊಡ್ಡ ಮಟ್ಟದಲ್ಲಿ ಬಳಸಲು ಶುರು ಮಾಡುವುದು ನಾಲ್ಕರಿಂದ ಎಂಟು ಕೋಶಗಳಾದಾಗ, ಅಂದರೆ ಸುಮಾರು ಮೂರನೇ ದಿನ. ಅಲ್ಲಿಯವರೆಗೆ ಅದು ಬದುಕುವುದು ಮೊಟ್ಟೆ ಕೂಡಿಟ್ಟದ್ದರ ಮೇಲೆ.

ಸುತ್ತಲಿನ ಕೋಶಗಳಿಲ್ಲದೆ ಇದ್ಯಾವುದೂ ಆಗುವುದಿಲ್ಲ. ಅವುಗಳ ಹೆಸರು ಗ್ರಾನ್ಯುಲೋಸಾ. ಕವಚವನ್ನು ತೂರಿಕೊಂಡು ಹೋಗುವ ಎಳೆಗಳಿಂದ ಅವು ಮೊಟ್ಟೆಗೆ ಅಂಟಿಕೊಂಡಿರುತ್ತವೆ. ಮೊಟ್ಟೆಗೆ ಸಕ್ಕರೆಯನ್ನು ನೇರವಾಗಿ ಅರಗಿಸಿಕೊಳ್ಳುವ ಶಕ್ತಿ ಕಡಿಮೆ. ಈ ಕೋಶಗಳು ಅದನ್ನು ಪೈರುವೇಟ್ ಅನ್ನುವ, ಮೊಟ್ಟೆಗೆ ಒಗ್ಗುವ ರೂಪಕ್ಕೆ ತಂದು ಕೊಡುತ್ತವೆ. ಹಾಗಂತ ಮೊಟ್ಟೆ ಬರೀ ತಗೊಳ್ಳುವುದಷ್ಟೇ ಅಲ್ಲ. ಅದೂ ಒಂದೆರಡು ಪ್ರೋಟೀನುಗಳನ್ನು ಹೊರಗೆ ಬಿಟ್ಟು, ಸುತ್ತಲಿನವು ಎಷ್ಟು ಹೆಚ್ಚಬೇಕು, ಏನು ಕೆಲಸ ಮಾಡಬೇಕು ಅಂತ ನಡೆಸುತ್ತದೆ. ಇನ್ನೂ ಹೊರಗಿನ ಪದರದಲ್ಲಿ ಥೀಕಾ ಕೋಶಗಳಿವೆ. ಅವು ಗಂಡು ಹಾರ್ಮೋನು ತಯಾರಿಸುತ್ತವೆ, ಗ್ರಾನ್ಯುಲೋಸಾ ಅದನ್ನು ಈಸ್ಟ್ರೋಜನ್ ಆಗಿ ಬದಲಾಯಿಸುತ್ತದೆ. ಹೆಣ್ಣಿನ ಈಸ್ಟ್ರೋಜನ್ನು ಗಂಡು ಹಾರ್ಮೋನಿನಿಂದಲೇ ಆಗುವುದು ಅಂದರೆ ಎಷ್ಟೋ ಜನ ನಂಬುವುದಿಲ್ಲ. ಹಾಗಿದೆ ವಿಷಯ.

ಈ ಬೆಳವಣಿಗೆಯ ಕೊನೆಗೆ ಫಾಲಿಕಲ್‌ನಲ್ಲಿ ನೀರು ತುಂಬುತ್ತದೆ. 2 ಮಿಲಿಮೀಟರ್ ದಾಟಿದರೆ ಸೋನೋಗ್ರಾಫಿಯಲ್ಲಿ ಕಾಣುತ್ತದೆ. ಮುಟ್ಟಿನ ಎರಡನೇ ಮೂರನೇ ದಿನ ಡಾಕ್ಟರ್ ಎಣಿಸುವುದು ಇವನ್ನೇ. ಎಎಂಎಚ್ ಟೆಸ್ಟ್ ಅಳೆಯುವುದೂ ಈ ಸಣ್ಣ ಫಾಲಿಕಲ್‌ಗಳು ಬಿಡುವ ಹಾರ್ಮೋನನ್ನೇ. ಎಷ್ಟಿವೆ ಅಂತ ಅದು ಅಂದಾಜು ಕೊಡುತ್ತದೆ. ಹೇಗಿವೆ ಅಂತ ಹೇಳುವುದಿಲ್ಲ. ಎಎಂಎಚ್ ಕಡಿಮೆ ಅಂತ ಕೇಳಿದ ತಕ್ಷಣ ಮೊಟ್ಟೆ ಕೆಟ್ಟಿದೆ ಅಂತ ಅಳುವವರನ್ನು ನೋಡಿದ್ದೇನೆ. ಆ ಟೆಸ್ಟಿಗೆ ಅಷ್ಟು ಯೋಗ್ಯತೆ ಇಲ್ಲ.

ಇನ್ನು ಒಂದು ವರ್ಷದ ಮೊಟ್ಟೆ ಖಾಲಿಯಾಯಿತಾ ಅನ್ನುವ ಪ್ರಶ್ನೆ. ಉತ್ತರ ಇಲ್ಲೇ ಇದೆ. ಸಹಜ ತಿಂಗಳಲ್ಲಿ, ಹಿಂದಿನ ಮುಟ್ಟಿನ ಚಕ್ರದ ಕೊನೆಗೆ ಎಫ್‌ಎಸ್‌ಎಚ್, ಅಂದರೆ ಫಾಲಿಕಲ್ ಬೆಳೆಸಲು ಮೆದುಳಿನಿಂದ ಬರುವ ಹಾರ್ಮೋನು, ಸ್ವಲ್ಪ ಏರುತ್ತದೆ. ಆಗ ಸಣ್ಣ ಫಾಲಿಕಲ್‌ಗಳ ಒಂದು ಗುಂಪೇ ಬೆಳೆಯಲು ಹೊರಡುತ್ತದೆ. ಐದಾರು ದಿನದಲ್ಲಿ ಒಂದು ಮುಂದೆ ಬರುತ್ತದೆ, 10 ಮಿಲಿಮೀಟರ್ ಮುಟ್ಟುತ್ತದೆ. ಅದು ಬಿಡುವ ಈಸ್ಟ್ರೋಜನ್ ಮತ್ತು ಇನ್ಹಿಬಿನ್ ಅನ್ನುವ ಇನ್ನೊಂದು ಹಾರ್ಮೋನು ಮೆದುಳಿಗೆ ತಲುಪಿ ಎಫ್‌ಎಸ್‌ಎಚ್ ಇಳಿಯುತ್ತದೆ. ಮುಂದೆ ಬಂದದ್ದಕ್ಕೆ ಕಡಿಮೆ ಎಫ್‌ಎಸ್‌ಎಚ್‌ನಲ್ಲೂ ಬದುಕುವ ತಾಕತ್ತು ಅಷ್ಟರಲ್ಲಿ ಬಂದಿರುತ್ತದೆ. ಮಿಕ್ಕವಕ್ಕೆ ಬಂದಿರುವುದಿಲ್ಲ, ಅವು ಸಾಯುತ್ತವೆ. ಐವಿಎಫ್‌ನಲ್ಲಿ ಹತ್ತು ದಿನ ಚುಚ್ಚಿಸಿಕೊಂಡಿರಲ್ಲ, ಅದು ಎಫ್‌ಎಸ್‌ಎಚ್. ಹೊರಗಿನಿಂದ ಕೊಡುವುದರಿಂದ ಅದು ಇಳಿಯುವುದಿಲ್ಲ. ಆ ತಿಂಗಳು ಹೇಗೂ ಸಾಯುತ್ತಿದ್ದ ಹನ್ನೊಂದು ಉಳಿದುಕೊಂಡವು. ಅಷ್ಟೇ. ಮುಂದಿನ ತಿಂಗಳ ಗುಂಪಿಗೆ ಯಾರೂ ಕೈ ಹಾಕಿಲ್ಲ. ಐವಿಎಫ್ ಮಾಡಿಸಿದರೆ ಮುಟ್ಟು ಬೇಗ ನಿಲ್ಲುತ್ತದೆ ಅನ್ನುವ ಮಾತಿಗೂ ಇದೇ ಉತ್ತರ.

(ಪಿಸಿಓಎಸ್, ಅಂದರೆ ಮುಟ್ಟು ಏರುಪೇರಾಗುವ ಒಂದು ಹಾರ್ಮೋನು ತೊಂದರೆ, ಇರುವವರಿಗೆ ಸೋನೋಗ್ರಾಫಿಯಲ್ಲಿ ನೀರುಗುಳ್ಳೆ ಇದೆ ಅಂತ ಹೇಳುತ್ತಾರಲ್ಲ, ಅವು ರೋಗದ ಗುಳ್ಳೆಗಳಲ್ಲ. ಮುಂದೆ ಬೆಳೆಯದೆ ನಿಂತ ಇಂಥವೇ ಸಣ್ಣ ಫಾಲಿಕಲ್‌ಗಳು. ಅವನ್ನು ತೆಗೆಸಬೇಕಾ ಅಂತ ಕೇಳುವವರು ಬಹಳ. ನಿಮಗೆ ಅದಿಲ್ಲ ಅಂದುಕೊಂಡಿದ್ದೇನೆ, ಅದಕ್ಕೇ ಇಷ್ಟಕ್ಕೇ ಬಿಡುತ್ತೇನೆ.)

ಬಲಿಯುವ ಕಥೆ ಇಲ್ಲಿಗೆ ಮುಗಿಯಿತು. ಈಗ ಮಾಗುವುದು.

ಮೊಟ್ಟೆ ಪೂರ್ತಿ ಬಲಿತ ಮೇಲೂ ಆ ನಿಂತ ಸ್ಥಿತಿಯಲ್ಲೇ ಇರುತ್ತದೆ. ಅದನ್ನು ಹಾಗೆ ತಡೆದಿಟ್ಟಿರುವವು ಸುತ್ತಲಿನ ಕೋಶಗಳೇ. ಅವು ಒಂದು ಸಣ್ಣ ರಾಸಾಯನಿಕವನ್ನು ಸದಾ ಮೊಟ್ಟೆಯೊಳಕ್ಕೆ ಕಳಿಸುತ್ತಿರುತ್ತವೆ. ಅದು ಇರುವವರೆಗೆ ವಿಭಜನೆ ಮುಂದುವರಿಯುವುದಿಲ್ಲ. 1935ರಲ್ಲೇ ಪಿಂಕಸ್ ಮತ್ತು ಎನ್ಜ್‌ಮನ್ ಅನ್ನುವ ವಿಜ್ಞಾನಿಗಳು ಮೊಲದ ಮೊಟ್ಟೆಗಳಲ್ಲಿ ಇದರ ಸುಳಿವು ಕಂಡಿದ್ದರು. ಫಾಲಿಕಲ್‌ನಿಂದ ಹೊರಗೆ ತೆಗೆದು ಇಟ್ಟರೆ ಸಾಕು, ಮೊಟ್ಟೆ ತಾನಾಗಿಯೇ ಮಾಗಲು ಶುರು ಮಾಡುತ್ತಿತ್ತು. ಅಂದರೆ ತಡೆ ಇದ್ದದ್ದು ಫಾಲಿಕಲ್‌ನಲ್ಲೇ.

ದೇಹದಲ್ಲಿ ಈ ತಡೆ ತೆಗೆಯುವುದು ಎಲ್‌ಎಚ್ ಹಾರ್ಮೋನು. ಬಲಿತ ಫಾಲಿಕಲ್‌ನಿಂದ ಈಸ್ಟ್ರೋಜನ್ ಜೋರಾಗಿ ಎರಡು ದಿನ ಬಂದರೆ ಮೆದುಳು ಒಮ್ಮೆಲೇ ಎಲ್‌ಎಚ್ ಸುರಿಸುತ್ತದೆ. ತಮಾಷೆ ಅಂದರೆ, ಎಲ್‌ಎಚ್‌ನ ಮಾತು ಮೊಟ್ಟೆಗೆ ನೇರವಾಗಿ ಕೇಳಿಸುವುದೇ ಇಲ್ಲ. ಕೇಳಿಸಿಕೊಳ್ಳುವವು ಫಾಲಿಕಲ್‌ನ ಗೋಡೆಯ ಕೋಶಗಳು. ಅವು ಪಕ್ಕದವಕ್ಕೆ ಹೇಳುತ್ತವೆ, ಪಕ್ಕದವು ಮೊಟ್ಟೆಗೆ ಕಳಿಸುತ್ತಿದ್ದ ಆ ರಾಸಾಯನಿಕವನ್ನು ನಿಲ್ಲಿಸುತ್ತವೆ. ಆಗ ನ್ಯೂಕ್ಲಿಯಸ್ ಕರಗುತ್ತದೆ. ಜೋಡಿ ಕ್ರೋಮೋಸೋಮ್‌ಗಳು ಬೇರೆಯಾಗುತ್ತವೆ. ಒಂದು ಪಾಲು ಮೊಟ್ಟೆಯಲ್ಲಿ ಉಳಿಯುತ್ತದೆ, ಇನ್ನೊಂದು ಪಾಲು ಆ ಪುಟ್ಟ ಉಂಡೆಯಾಗಿ ಹೊರಬೀಳುತ್ತದೆ. ಅದೇ ನಾವು ಹುಡುಕುವ ಪೋಲಾರ್ ಬಾಡಿ. ಆಮೇಲೆ ಮೊಟ್ಟೆ ಎರಡನೇ ಸಲ ನಿಲ್ಲುತ್ತದೆ. ಈ ಸಲ ವೀರ್ಯಾಣು ಬಂದು ಸೇರಿದರೆ ಮಾತ್ರ ಮುಂದೆ. ಬಿಡುಗಡೆಯಾದ ಮೊಟ್ಟೆ ಒಂದು ದಿನ ಕಾಯುತ್ತದೆ, ಅದಕ್ಕಿಂತ ಹೆಚ್ಚು ಬಾಳುವುದಿಲ್ಲ.

ಇದೆಲ್ಲಕ್ಕೆ ಎಷ್ಟು ಹೊತ್ತು ಬೇಕು ಅಂತ ಗೊತ್ತಾಗಿದ್ದು ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಎಡ್ವರ್ಡ್ಸ್‌ರಿಂದ. ಪಿಂಕಸ್ ಮನುಷ್ಯರ ಮೊಟ್ಟೆಗೆ 12 ಗಂಟೆ ಸಾಕು ಅಂದಿದ್ದರು. ಎಡ್ವರ್ಡ್ಸ್ 12 ಗಂಟೆ ಕಾದು ನೋಡಿದರೆ ಏನೂ ಆಗಿರಲಿಲ್ಲ. ಮೊಟ್ಟೆ ಸಿಗುವುದೂ ಆಗ ಸುಲಭವಿರಲಿಲ್ಲ. ಯಾವುದೋ ಆಪರೇಷನ್‌ನಲ್ಲಿ ತೆಗೆದ ಅಂಡಾಶಯದ ತುಂಡನ್ನು ಯಾರಾದರೂ ಡಾಕ್ಟರ್ ಮನಸ್ಸು ಮಾಡಿ ಕೊಡಬೇಕಿತ್ತು. ಮಾಲಿ ರೋಸ್ ಅನ್ನುವ ವೈದ್ಯೆ ಕೊಡುತ್ತಿದ್ದರು. ಸಿಕ್ಕಿದ್ದನ್ನು ಇನ್ನೂ ಹೆಚ್ಚು ಹೊತ್ತು ಇಟ್ಟು ನೋಡಿದಾಗ ಸುಮಾರು 25 ಗಂಟೆಯ ಹೊತ್ತಿಗೆ ಬದಲಾವಣೆ ಕಂಡಿತು. 36 ಗಂಟೆ ದಾಟುವಾಗ ಪೋಲಾರ್ ಬಾಡಿ ಬಂದಿತ್ತು. 1965ರಲ್ಲಿ ಅವರು ಇದನ್ನು ಪ್ರಕಟಿಸಿದರು. ನಿಮಗೆ ರಾತ್ರಿ ಇಂಥ ಗಂಟೆಗೇ ಟ್ರಿಗರ್ ಇಂಜೆಕ್ಷನ್ ಹಾಕಿಸಿಕೊಳ್ಳಿ, ಹತ್ತು ನಿಮಿಷವೂ ಆಚೀಚೆ ಬೇಡ ಅಂತ ಹೇಳಿದ್ದರಲ್ಲ? ಅದರ ಹಿಂದೆ ಇರುವುದು ಈ ಲೆಕ್ಕ. ಟ್ರಿಗರ್ ಎಲ್‌ಎಚ್‌ನ ಕೆಲಸ ಮಾಡುತ್ತದೆ. ಅದಾಗಿ 34ರಿಂದ 36 ಗಂಟೆಗೆ ಮೊಟ್ಟೆ ತೆಗೆಯಬೇಕು. ಬೇಗ ತೆಗೆದರೆ ಮಾಗಿರುವುದಿಲ್ಲ, ತಡವಾದರೆ ಫಾಲಿಕಲ್ ಒಡೆದು ಮೊಟ್ಟೆ ಹೊಟ್ಟೆಯೊಳಗೆ ಜಾರಿಹೋಗಿರುತ್ತದೆ.

ನಮ್ಮಲ್ಲಿ ಈ ಕೆಲಸ ಶುರುವಾದ ಬಗೆಯನ್ನೂ ಒಂದು ಮಾತಲ್ಲಿ ಹೇಳಿಬಿಡುತ್ತೇನೆ. ಇಲ್ಲಿ ಮುಂಬಯಿ ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲಿ 1986ರ ಆಗಸ್ಟ್ 6ರಂದು ಐವಿಎಫ್‌ನಿಂದ ಒಂದು ಹೆಣ್ಣುಮಗು ಹುಟ್ಟಿತು. ಡಾಕ್ಟರ್ ಇಂದಿರಾ ಹಿಂದುಜಾ ಮತ್ತು ವಿಜ್ಞಾನಿ ಟಿ. ಸಿ. ಆನಂದ್ ಕುಮಾರ್ ಅದರ ಹಿಂದಿದ್ದವರು. ಭಾರತದ ಮೊದಲನೆಯದು ಅಂತ ಹೆಸರಾಯಿತು. ಆದರೆ 1978ರ ಅಕ್ಟೋಬರ್‌ನಲ್ಲೇ ಕಲ್ಕತ್ತೆಯಲ್ಲಿ ಡಾಕ್ಟರ್ ಸುಭಾಷ್ ಮುಖರ್ಜಿ ಇದನ್ನು ಸಾಧಿಸಿದ್ದರು. ಅದೂ ಇಂಜೆಕ್ಷನ್ ಕೊಟ್ಟು ಮೊಟ್ಟೆ ಬೆಳೆಸಿ, ಭ್ರೂಣವನ್ನು ಫ್ರೀಜ್ ಮಾಡಿ. ಈಗ ನಿಮಗೆ ಮಾಡಿರುವ ರೀತಿಯಲ್ಲೇ. ಆಗ ಅವರನ್ನು ಯಾರೂ ನಂಬಲಿಲ್ಲ. ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಅವರ ಟಿಪ್ಪಣಿಗಳನ್ನು ಓದಿ, ಮೊದಲಿಗರು ಅವರೇ, ನಾನಲ್ಲ ಅಂತ 1997ರಲ್ಲಿ ಹೇಳಿದವರು ಇದೇ ಆನಂದ್ ಕುಮಾರ್. ಅಂಥ ಮಾತು ವಿಜ್ಞಾನದಲ್ಲಿ ಆಗಾಗ ಕೇಳಸಿಗುವುದಿಲ್ಲ.

ಸರಿ, ಆ ನಾಲ್ಕಕ್ಕೆ ಬರೋಣ. ನಿಮ್ಮ 12 ಫಾಲಿಕಲ್‌ಗಳು ಒಂದೇ ದಿನ ಹೊರಟವಲ್ಲ. ಎಲ್ಲ ಒಂದೇ ಅಳತೆಯಲ್ಲೂ ಇರಲಿಲ್ಲ. ಕೊನೆಯ ಸೋನೋಗ್ರಾಫಿ ಶೀಟ್ ತೆಗೆದು ನೋಡಿ. 20, 19, 18, 17 ಹೀಗೆ ಇಳಿಯುತ್ತಾ 12, 11 ಅಂತಲೂ ಬರೆದಿರುತ್ತಾರೆ. ದೊಡ್ಡವು ಬಲಿತಿದ್ದವು, ಟ್ರಿಗರ್ ಬಿದ್ದೊಡನೆ ಮಾಗಿದವು. ಸಣ್ಣವುಗಳಲ್ಲಿ ಟ್ರಿಗರ್‌ಗೆ ಓಗೊಡುವ ವ್ಯವಸ್ಥೆಯೇ ಇನ್ನೂ ಪೂರ್ತಿ ತಯಾರಾಗಿರುವುದಿಲ್ಲ. ಹಾಗಾದರೆ ಇನ್ನೆರಡು ದಿನ ಕಾಯಬಾರದಿತ್ತಾ? ಕಾಯಬಹುದಿತ್ತು. ಸಣ್ಣವು ಒಂದೆರಡು ಬಲಿಯುತ್ತಿದ್ದವೋ ಏನೋ. ಆದರೆ ಅಷ್ಟರಲ್ಲಿ ದೊಡ್ಡವು ಹದ ಮೀರುತ್ತಿದ್ದವು. ನಾಲ್ಕನ್ನು ಉಳಿಸಲು ಹೋಗಿ ಎಂಟನ್ನು ಕೆಡಿಸಿಕೊಂಡ ಹಾಗಾಗುತ್ತಿತ್ತು. ಡಾಕ್ಟರ್ ಜಾಸ್ತಿ ಇರುವ ಕಡೆ ನೋಡಿ ದಿನ ಗೊತ್ತು ಮಾಡುತ್ತಾರೆ. ನಾನಿದ್ದರೂ ಅದನ್ನೇ ಒಪ್ಪುತ್ತಿದ್ದೆ.

12ಕ್ಕೆ 2 ಅಥವಾ 3 ಮಾತ್ರ ಮೆಚ್ಯೂರ್ ಆಗಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ಆಗ ಟ್ರಿಗರ್ ಹೊತ್ತಿಗೆ ಸರಿಯಾಗಿ ಬಿತ್ತಾ, ಔಷಧಿ ಫ್ರಿಜ್‌ನಲ್ಲಿತ್ತಾ, ಟ್ರಿಗರ್‌ಗೂ ಮೊಟ್ಟೆ ತೆಗೆದದ್ದಕ್ಕೂ ನಡುವೆ ಎಷ್ಟು ಗಂಟೆ ಅಂತ ಒಂದೊಂದಾಗಿ ಕೇಳಬೇಕು. ಎಲ್ಲ ಸರಿಯಿದ್ದೂ ಪ್ರತಿ ಸಲ ಎಲ್ಲ ಮೊಟ್ಟೆಗಳೂ ಅರ್ಧದಲ್ಲೇ ನಿಲ್ಲುವವರು ಬಹಳ ಅಪರೂಪಕ್ಕೆ ಸಿಗುತ್ತಾರೆ. ಅಂಥ ಕೆಲವರಲ್ಲಿ ಟ್ಯೂಬ್‌ಬಿ8 ಅನ್ನುವ ಜೀನ್‌ನಲ್ಲಿ ದೋಷವಿರುತ್ತದೆ ಅಂತ 2016ರಲ್ಲಿ ಗೊತ್ತಾಯಿತು. ಕ್ರೋಮೋಸೋಮ್‌ಗಳನ್ನು ಎಳೆದು ಬೇರ್ಪಡಿಸುವ ಎಳೆಗಳು ಅವರ ಮೊಟ್ಟೆಯಲ್ಲಿ ಸರಿಯಾಗಿ ಕಟ್ಟಿಕೊಳ್ಳುವುದಿಲ್ಲ. ನಿಮ್ಮ ಎಂಟು ಮೊಟ್ಟೆಗಳು ಮಾಗಿವೆ, ಭ್ರೂಣವೂ ಆಗಿವೆ. ಇಂಟರ್ನೆಟ್‌ನಲ್ಲಿ ಆ ಹೆಸರು ನೋಡಿ ಹೆದರಬೇಡಿ.

ನಿಜಕ್ಕೂ ಯೋಚಿಸಬೇಕಾದ ವಿಷಯ ಬೇರೆ ಇದೆ. ಮೆಚ್ಯೂರ್ ಅಂತ ನಾವು ಬರೆಯುವುದು ಒಂದು ಉಂಡೆ ಕಂಡಿತು ಅನ್ನುವುದಕ್ಕಷ್ಟೇ. ಕ್ರೋಮೋಸೋಮ್ ಲೆಕ್ಕ ಸರಿಯಾಗಿ ಹಂಚಿಕೆಯಾಯಿತಾ ಅಂತ ಮೈಕ್ರೋಸ್ಕೋಪ್‌ನಲ್ಲಿ ಕಾಣುವುದಿಲ್ಲ. ಆ ಕ್ರೋಮೋಸೋಮ್ ಜೋಡಿಗಳನ್ನು ಹಿಡಿದಿಟ್ಟಿರುವುದು ಕೊಹಿಸಿನ್ ಅನ್ನುವ ಪ್ರೋಟೀನು. ಕೂಸಿನ ಅಂಡಾಶಯದಲ್ಲಿ ಕಟ್ಟಿದ ಆ ಹಿಡಿತ ವರ್ಷ ಕಳೆದಂತೆ ಸಡಿಲವಾಗುತ್ತದೆ. ಮೊಟ್ಟೆ ಮಾಗುವ ಆ ಒಂದೂವರೆ ದಿನದಲ್ಲಿ ಜೋಡಿ ಸರಿಯಾಗಿ ಬೇರೆಯಾಗದೆ, ಒಂದು ಕ್ರೋಮೋಸೋಮ್ ಹೆಚ್ಚೋ ಕಡಿಮೆಯೋ ಆಗುವುದು ಹೀಗೆ. ತಾಯಿಗೆ 25 ಇದ್ದಾಗ ಡೌನ್ ಸಿಂಡ್ರೋಮ್ ಮಗು ಹುಟ್ಟುವ ಸಾಧ್ಯತೆ ಸುಮಾರು 1,200ಕ್ಕೆ ಒಂದು. 35ಕ್ಕೆ ಸುಮಾರು 350ಕ್ಕೆ ಒಂದು. 40ಕ್ಕೆ 100ಕ್ಕೆ ಒಂದು. ಹೆಚ್ಚಿನ ತಪ್ಪು ಲೆಕ್ಕಗಳು ಅಷ್ಟು ದೂರ ಬರುವುದೂ ಇಲ್ಲ. ಭ್ರೂಣ ಬೆಳೆಯುವುದು ನಿಲ್ಲುತ್ತದೆ, ಇಲ್ಲವೇ ಗರ್ಭ ಇಳಿದುಹೋಗುತ್ತದೆ. ನಿಮ್ಮ 8 ಮೊಟ್ಟೆ 2 ಭ್ರೂಣಕ್ಕೆ ಇಳಿದದ್ದರಲ್ಲಿ ಇದರ ಪಾಲೂ ಇರಬಹುದು. ಇದು ಹೆದರಿಸಲು ಹೇಳುತ್ತಿಲ್ಲ. ಎಂಟರಿಂದ ಐದನೇ ದಿನಕ್ಕೆ ಎರಡು ಬರುವುದು ನಾವು ದಿನಾ ನೋಡುವ ಲೆಕ್ಕವೇ. ಮೊಟ್ಟೆಯ ವಿಷಯದಲ್ಲಿ ವಯಸ್ಸಿನಷ್ಟು ತೂಕ ಬೇರೆ ಯಾವುದಕ್ಕೂ ಇಲ್ಲ ಅಂತ ಹೇಳುತ್ತಿದ್ದೇನೆ.

ಮೂರು ತಿಂಗಳ ಮಾತ್ರೆಯನ್ನೂ ಅದೇ ಕಣ್ಣಿನಿಂದ ನೋಡಿ. ಆ ಮೂರು ತಿಂಗಳು ಎಲ್ಲಿಂದ ಬಂತು ಅಂದರೆ, ಸಣ್ಣ ಫಾಲಿಕಲ್ ನೀರು ತುಂಬಿಕೊಂಡು ಪೂರ್ತಿ ಬಲಿಯಲು ಸುಮಾರು 85 ದಿನ ಬೇಕು. ಆ ಹೊತ್ತಿನಲ್ಲಿ ದೇಹದಲ್ಲಿ ಏನಿದೆಯೋ ಅದು ಮೊಟ್ಟೆಗೂ ತಾಗುತ್ತದೆ ಅನ್ನುವುದು ತರ್ಕ. ತರ್ಕ ಸರಿ. ಅಂಗಡಿಯಲ್ಲಿ ಸಿಗುವ ಕೋಎಂಜೈಮ್ ಕ್ಯೂ10, ಡಿಎಚ್‌ಇಎ ಇವುಗಳಿಂದ ಮಗು ಆಗುವ ಸಾಧ್ಯತೆ ಹೆಚ್ಚುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇನ್ನೂ ಬಂದಿಲ್ಲ. ಡಿಎಚ್‌ಇಎ ಅಂತೂ ಹಾರ್ಮೋನು, ಡಾಕ್ಟರ್ ಹೇಳದೆ ಮುಟ್ಟಲೇಬೇಡಿ. ಫೋಲಿಕ್ ಆಸಿಡ್ ತಪ್ಪದೆ ತಗೊಳ್ಳಿ, ಅದು ಮೊಟ್ಟೆಗಲ್ಲ, ಮಗುವಿನ ಬೆನ್ನುಹುರಿಗೆ. ತಂಬಾಕು ಮಾತ್ರ ಮೊಟ್ಟೆಗೆ ನಿಜವಾದ ವೈರಿ. ಸಿಗರೇಟು ಸೇದುವವರಿಗೆ ಮುಟ್ಟು ಒಂದೆರಡು ವರ್ಷ ಮೊದಲೇ ನಿಲ್ಲುತ್ತದೆ. ನಾನು ಸೇದುವುದಿಲ್ಲವಲ್ಲ ಅನ್ನಬಹುದು. ನಮ್ಮ ಉತ್ತರ ಕರ್ನಾಟಕದ ಕಡೆಯೂ, ಇಲ್ಲಿ ಮಹಾರಾಷ್ಟ್ರದಲ್ಲೂ ಹೆಂಗಸರು ಹಲ್ಲಿಗೆ ಹಚ್ಚುವ ಮಿಶ್ರಿಯೂ ಸುಟ್ಟ ತಂಬಾಕೇ. ಮನೆಯಲ್ಲಿ ಯಾರಾದರೂ ಡಬ್ಬಿ ಮುಂದಿಟ್ಟರೆ ಬೇಡ ಅನ್ನಿ. ಮಾತ್ರೆಗಾಗಿ ಮೂರು ತಿಂಗಳು ಕಾಯುವ ಅಗತ್ಯ ನಿಮಗಿಲ್ಲ. ಎರಡು ಭ್ರೂಣ ಕೈಯಲ್ಲಿವೆ, ಮೊದಲು ಅವನ್ನು ಬಳಸಿ.

ಆ ನಾಲ್ಕನ್ನು ಏನು ಮಾಡಿರಬಹುದು ಅಂತಲೂ ಹೇಳುತ್ತೇನೆ, ಹಲವರು ಕೇಳಲು ಸಂಕೋಚಪಡುತ್ತಾರೆ. ಎಂ-1 ಇದ್ದರೆ ಕೆಲವು ಗಂಟೆ ಇಂಕ್ಯುಬೇಟರ್‌ನಲ್ಲಿ ಬಿಟ್ಟು ನೋಡುತ್ತೇವೆ. ಸಂಜೆಯೊಳಗೆ ಪೋಲಾರ್ ಬಾಡಿ ಬಂದರೆ ಅದಕ್ಕೂ ಇಕ್ಸಿ ಮಾಡಬಹುದು. ಜಿವಿಗೆ ಒಂದು ದಿನಕ್ಕಿಂತ ಹೆಚ್ಚು ಬೇಕು. ಹಾಗೆ ತಟ್ಟೆಯಲ್ಲಿ ತಡವಾಗಿ ಮಾಗಿದವುಗಳಿಂದ ಒಳ್ಳೆಯ ಭ್ರೂಣ ಬರುವುದು ಕಡಿಮೆ. ನ್ಯೂಕ್ಲಿಯಸ್ ತನ್ನ ಕೆಲಸ ಮುಗಿಸಿದರೂ ಒಳಗಿನ ದಾಸ್ತಾನು ಸಾಲದಿರುತ್ತದೆ. ಹೆಚ್ಚಿನ ಲ್ಯಾಬ್‌ಗಳು ಅವನ್ನು ಮುಂದುವರಿಸುವುದಿಲ್ಲ. ಬೇಕೆಂದೇ ಎಳೆಯ ಮೊಟ್ಟೆ ತೆಗೆದು ಹೊರಗೆ ಮಾಗಿಸುವ ಐವಿಎಂ ಅನ್ನುವ ಪದ್ಧತಿ ಬೇರೆಯೇ ಇದೆ. 1991ರಲ್ಲಿ ಕೊರಿಯಾದಲ್ಲಿ ಅದರಿಂದ ಮಕ್ಕಳು ಹುಟ್ಟಿದ್ದೂ ಉಂಟು. ಕ್ಯಾನ್ಸರ್ ಚಿಕಿತ್ಸೆಗೆ ಮುಂಚೆ ಇಂಜೆಕ್ಷನ್‌ಗೆ ಸಮಯವಿಲ್ಲದವರಿಗೆ ಅದು ಉಪಯೋಗ. ನಿಮಗೆ ಅದರ ಅಗತ್ಯ ಕಾಣುವುದಿಲ್ಲ.

ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ ಮೂರು ವಿಷಯ ಕೇಳಿ. ನಾಲ್ಕರಲ್ಲಿ ಜಿವಿ ಎಷ್ಟು, ಎಂ-1 ಎಷ್ಟು? ಟ್ರಿಗರ್ ದಿನ ಫಾಲಿಕಲ್‌ಗಳ ಅಳತೆ ಏನಿತ್ತು? ಮತ್ತೆ ಮೊಟ್ಟೆ ತೆಗೆಯುವ ಸಂದರ್ಭ ಬಂದರೆ ಟ್ರಿಗರ್‌ನಲ್ಲಿ ಏನಾದರೂ ಬದಲಾಯಿಸುತ್ತೀರಾ? ಮರಾಠಿ ತಿಳಿಯದಿದ್ದರೆ ನಿಧಾನವಾಗಿ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಹೇಳಿ ಅಂತ ಕೇಳಿ, ಅದರಲ್ಲಿ ನಾಚಿಕೆ ಏನಿಲ್ಲ. ಲ್ಯಾಬ್ ಶೀಟ್‌ನ ಒಂದು ಪ್ರತಿ ಇಸಿದುಕೊಂಡು ಫೈಲ್‌ನಲ್ಲಿಟ್ಟುಕೊಳ್ಳಿ.